ನಾಲ್ಕು ಮೊದಲೋ, ಆರು ಮೊದಲೋ

ವಿಜಯವಾಡದ ಪಟಮಟದಲ್ಲಿ ಕಾಕಾ ಅವರ ಮನೆಯ ಊಟದ ಮೇಜಿಗೆ ಕೂತು ನಾನು ಅವತ್ತು ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲದೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಳೆಯಿತು. ಸುಳ್ಳು ಎಂದುಕೊಂಡೇ ಹೇಳಿದ್ದೆ ಎಂಬ ನೆನಪಿದೆ. ಆದರೆ ನನ್ನ ನೆನಪಿನ ಯೋಗ್ಯತೆ ಎಷ್ಟೆಂದರೆ, ಆ ದಿನ ಮೇಜಿನ ಮೇಲೆ ಪೆಸರಟ್ಟು ಇತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮಾಡಿ ಬಡಿಸಿದ ಚಿಗವ್ವ ಮಾತ್ರ ಅವತ್ತು ಉಪ್ಪಿಟ್ಟು ಅನ್ನುತ್ತಾರೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವನು. ಸಾಕ್ಷಿ ಒಬ್ಬನೇ, ಅವನೂ ಹಸಿದಿದ್ದ, ಅಂಥ ಸಾಕ್ಷ್ಯಕ್ಕೆ ಎಷ್ಟು ತೂಕ ಕೊಡಬೇಕೆಂದು ನನಗೆ ಗೊತ್ತು. ಆದ್ದರಿಂದ ಮುಂದೆ ಬರೆಯುವುದರಲ್ಲಿ ಸಂಖ್ಯೆಗಳನ್ನು ಪೂರ್ತಿ ನಂಬಿ. ಅವನ್ನು ಯಾರು ಬೇಕಾದರೂ ಭಾಗಿಸಿ ನೋಡಬಹುದು. ಉಳಿದದ್ದನ್ನು ನಾನು ನಂಬುವಷ್ಟೇ ನಂಬಿ.

ಆಗ ನಾನು ವಿಶಾಖಪಟ್ಟಣದಲ್ಲಿದ್ದೆ. ಊರ ಹೊರಗಿನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ, ದ್ವಾರಕಾ ನಗರದ ಪಿ.ಜಿ.ಯಲ್ಲಿ ಒಂದು ಮಂಚ. ಹದಿನೈದು ದಿನಕ್ಕೊಮ್ಮೆ ಆರು ತಾಸು ರೈಲಿನಲ್ಲಿ ಕೂತು ವಿಜಯವಾಡಕ್ಕೆ ಹೋಗುತ್ತಿದ್ದೆ, ಏಕೆಂದರೆ ಅಲ್ಲಿ ಕಾಕಾ ಇದ್ದರು. ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಬಾಗಲಕೋಟೆಯಲ್ಲಿ ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ಕೊಂಡಪಲ್ಲಿ ಹತ್ತಿರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಇಂಜಿನಿಯರ್ ಆಗಿ ದುಡಿದು ನಿವೃತ್ತರಾಗಿ, ಪಟಮಟದಲ್ಲಿ ಮನೆ ಮಾಡಿದ್ದರು. ಅವರ ಹೆಂಡತಿ ನನಗೆ ಚಿಗವ್ವ. ಮಗಳು ಅಲ್ಲೇ ಒಂದು ಆಸ್ಪತ್ರೆಯಲ್ಲಿ ಔಷಧ ವಿತರಿಸುವ ವಿಭಾಗದಲ್ಲಿದ್ದಳು. ಅಪ್ಪನನ್ನು ‘ನಾನ್ನಾ’ ಎಂದು ತೆಲುಗಿನಲ್ಲೂ, ನನ್ನನ್ನು ‘ಅಣ್ಣಾ’ ಎಂದು ಎರಡೂ ಭಾಷೆಯಲ್ಲೂ ಕರೆಯುತ್ತಿದ್ದಳು.

ನಿವೃತ್ತಿಯ ಮೇಲೂ ಕಾಕಾ ಸುಮ್ಮನೆ ಕೂತವರಲ್ಲ. ಕೊಂಡಪಲ್ಲಿಯ ಒಂದು ಚಿಕ್ಕ ಕಾರ್ಖಾನೆಯವರು ತಿಂಗಳಿಗೆ ಎರಡು ಸಲ ಅವರನ್ನು ಕರೆಸಿ ಬಾಯ್ಲರ್ ತೋರಿಸುತ್ತಿದ್ದರು. ಕೈಯಲ್ಲಿ ಒಂದು ಟಾರ್ಚು, ಒಂದು ಗೇಣುದ್ದದ ಸುತ್ತಿಗೆ. ಸುತ್ತಿಗೆಯಿಂದ ತಗಡಿಗೆ ಟಣ್ ಅನ್ನಿಸಿ, ಕಿವಿ ಕೊಟ್ಟು ಕೇಳಿ, ಒತ್ತಡದ ಲೆಕ್ಕ ಹಾಕಿ, ‘ನಡೆಸಬಹುದು’ ಎಂದು ಬರೆದು ಸಹಿ ಮಾಡುವುದು. ಆ ಸಹಿಯ ಕೆಳಗೆ ಹತ್ತಾರು ಜನ ದಿನವಿಡೀ ಕೆಲಸ ಮಾಡುತ್ತಾರೆ. ಕಾಕಾ ಅದನ್ನು ಹಗುರಾಗಿ ತೆಗೆದುಕೊಂಡವರಲ್ಲ.

ಅವರಿಗೆ ಅರವತ್ತಾರು ನಡೆಯುವಾಗ ಲಕ್ವದ ಒಂದು ಸಣ್ಣ ಹೊಡೆತ ಬಂತು. ಎಡಗೈ ಎರಡು ದಿನ ಜೋತುಬಿದ್ದು, ಮತ್ತೆ ಸರಿಹೋಯಿತು. ನಾನು ನೋಡಲು ಹೋದಾಗ ಅವರಿಗೆ ಕೈಯ ಚಿಂತೆಯೇ ಇರಲಿಲ್ಲ.

“ಅಲ್ಲೋ, ಆ ಡಾಕ್ಟರು ನನಗ ನೂರರಾಗಿಂದ ಏಳೇಳು ಕಳ್ಕೋತ ಬರ್ರಿ ಅಂದ. ಸಣ್ಣ ಹುಡುಗರನ್ನ ಕೇಳಿದಂಗ! ತೊಂಬತ್ಮೂರು ಅಂದೆ. ಎಂಬತ್ತಾರು ಅಂದೆ. ಮುಂದ ತಡ ಆತು. ತಡ ಆತಂತ ಅಂವ ಬರಕೊಂಡ.”

“ಯಾಕ ತಡ ಆತು ಕಾಕಾ?”

“ಅಂವ ಕೇಳೂದು ತೆಲುಗಿನಾಗ. ನಾ ಕಳಿಯೂದು ಕನ್ನಡದಾಗ. ಎಪ್ಪತ್ತೊಂಬತ್ತು ಅಂತ ತಲ್ಯಾಗ ಬಂದು ಕುಂತಿತ್ತು, ಅದನ್ನ ತೆಲುಗಿಗೆ ಹಾಕೋದ್ರಾಗ ಅಂವ ಪೆನ್ನು ಎತ್ತಿದ್ದ.”

“ಹಂಗಂತ ಅವರಿಗೆ ಹೇಳಬೇಕಿತ್ತಲ್ಲ.”

“ಹೇಳಿದ್ರ ನೆಪಾ ಅಂದಾರು. ಮತ್ತ,” ಕಾಕಾ ದನಿ ತಗ್ಗಿಸಿದರು, “ಅದು ನೆಪಾನೋ ಖರೇನೋ ನನಗೂ ಗೊತ್ತಿಲ್ಲಪಾ.”

ಅಡುಗೆಮನೆಯಿಂದ ಚಿಗವ್ವ ಕೂಗಿದರು: “ನಲವತ್ತು ವರ್ಷ ಇಲ್ಲಿದ್ದು ಕಾಯಿಪಲ್ಲೆದಾಕಿ ಕೂಡ ಕನ್ನಡದಾಗ ಜಗಳಾಡೋರು, ಡಾಕ್ಟರ್ ಕೂಡ ತೆಲುಗು ಹೆಂಗ ಬರಬೇಕು!”

ಕಾಕಾ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ನನ್ನಿಂದ ಒಂದು ದೊಡ್ಡ ಸಂಖ್ಯೆ ಬೇಕು, ಆರು ಅಂಕಿಯದು. ಅದು ಅವಿಭಾಜ್ಯವೋ ಅಲ್ಲವೋ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೋ ಎಂಬುದನ್ನು ಅವರು ಬರೀ ಪೆನ್ಸಿಲು ಕಾಗದದಲ್ಲಿ ತೀರ್ಮಾನಿಸಬೇಕು. ಉತ್ತರ ಹೇಳಿದ ಮೇಲೆ ನಾನು ಫೋನಿನಲ್ಲಿ ತಾಳೆ ನೋಡಬೇಕು, ಮೊದಲೇ ನೋಡಕೂಡದು.

“ತಪ್ಪಿಲ್ಲದ ಮಾಡಿದ್ರ ಕೊಂಡಪಲ್ಲಿಗೆ ಹೋಗ್ತೀನಿ. ಒಂದ ತಪ್ಪಿದ್ರೂ ಸಾಕು, ಇನ್ನ ಬರಂಗಿಲ್ಲಂತ ಅವರಿಗೆ ಹೇಳಿಬಿಡ್ತೀನಿ. ಸಹಿ ಮಾಡೂದು ಕೈ ಅಲ್ಲಪಾ, ತಲಿ.”

ಆ ವಾರ ಕಾರ್ಖಾನೆಯಲ್ಲಿ ನಾನು ಒಂದು ಕಂಟೇನರ್ ತುಂಬಿಸಿದ್ದೆ. ಬಂದರಿಗೆ ಹೋಗುವ ಆ ಕಬ್ಬಿಣದ ಪೆಟ್ಟಿಗೆಗಳ ಬಾಗಿಲ ಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಆಮೇಲೆ ಒಂದು ಪುಟ್ಟ ಚೌಕದೊಳಗೆ ಇನ್ನೊಂದು ಅಂಕಿ ಬರೆದಿರುತ್ತದೆ. ಮೂರು ಪ್ರತಿಗಳಲ್ಲಿ ಬರೆದೂ ಬರೆದೂ ಆ ಆರು ಅಂಕಿ ನನಗೆ ಕಂಠಪಾಠವಾಗಿತ್ತು. ಅಂಕಿಗಳ ವಿಷಯದಲ್ಲಿ ನನ್ನ ನೆನಪಿನ ಬಗ್ಗೆ ಆಗ ನನಗೆ ಸ್ವಲ್ಪ ಜಂಬವೂ ಇತ್ತು. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ತೆಲುಗು ಕ್ಯಾಲೆಂಡರು ನೇತಾಡುತ್ತಿತ್ತು. ಆ ಮನೆಯಲ್ಲಿ ಹರಿದ ಹಾಳೆಯನ್ನು ಎಸೆಯುವುದಿಲ್ಲ. ಹಿಂದಿನ ಖಾಲಿ ಬದಿಗೆ ಏನಾದರೂ ಬರೆಯುತ್ತಾರೆ. ಹಿಂದಿನ ದಿನದ ಹಾಳೆ ತೆಗೆದುಕೊಂಡು ಅದರ ಬೆನ್ನಿಗೆ ಸಂಖ್ಯೆ ಬರೆದುಕೊಟ್ಟೆ.

ಕಾಕಾ ಕನ್ನಡಕ ಏರಿಸಿ ನೋಡಿದರು. “ಏಳಕ್ಕ ಡಾಬು ಯಾಕ ಕಟ್ಟೀಯೋ?”

ನಾನು 7 ಬರೆಯುವಾಗ ಅದರ ನಡುವಿಗೊಂದು ಅಡ್ಡಗೆರೆ ಎಳೆಯುತ್ತೇನೆ, ಹೆಂಗಸರ ಸೊಂಟದ ಡಾಬಿನ ಹಾಗೆ. ಒಂದಕ್ಕೂ ಏಳಕ್ಕೂ ಗೊಂದಲವಾಗಬಾರದೆಂದು ಪ್ರಯೋಗಾಲಯದಲ್ಲಿ ಕಲಿತ ಅಭ್ಯಾಸ. “ಗುಣಮಟ್ಟ ವಿಭಾಗ ಕಾಕಾ,” ಅಂದೆ. “ಏಳಕ್ಕ ಡಾಬು, ನಿನಗ ಹೆಣ್ಣಿಲ್ಲ,” ಅಂದರು ಚಿಗವ್ವ. ಅವರಿಗೆ ನನ್ನ ಮದುವೆಯ ಮಾತಿಗೆ ಯಾವ ಗೂಟವಾದರೂ ಸಾಕು.

ಪರೀಕ್ಷೆ ಎಷ್ಟು ದೊಡ್ಡದು ಎಂದು ಕಾಕಾ ಆವತ್ತೇ ಅಂದಾಜು ಹಾಕಿದರು. 864ನ್ನು 864ರಿಂದ ಗುಣಿಸಿದರೆ ಏಳು ಲಕ್ಷ ನಲವತ್ತಾರು ಸಾವಿರ ಚಿಲ್ಲರೆ ಬರುತ್ತದೆ, ಅವರ ಮುಂದಿದ್ದ ಸಂಖ್ಯೆಯ ಹತ್ತಿರಕ್ಕೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡ ಅಪವರ್ತನವಿದ್ದರೆ ಅದರ ಜೊತೆಯದು ಚಿಕ್ಕದಾಗಿಯೇ ಇರಬೇಕು, ಮೊದಲೇ ಸಿಕ್ಕಿರುತ್ತದೆ. ಎರಡರಿಂದ 863ರವರೆಗೆ ಎಷ್ಟು ಅವಿಭಾಜ್ಯಗಳಿವೆ ಗೊತ್ತೆ? ಸರಿಯಾಗಿ ನೂರೈವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಸಂಗತಿ ಗೊತ್ತಾದಾಗ ನಾವಿಬ್ಬರೂ ಲಾಟರಿ ಹೊಡೆದವರ ಹಾಗೆ ಮುಖ ಮುಖ ನೋಡಿಕೊಂಡದ್ದು ನೆನಪಿದೆ. ಇಲ್ಲಿ ನನ್ನ ನೆನಪಿನಲ್ಲೇ ಒಂದು ಬಿರುಕಿದೆ ನೋಡಿ: ನಾನು ಕೊಟ್ಟದ್ದು ಏಳು ಲಕ್ಷ ಅರವತ್ತನಾಲ್ಕು ಸಾವಿರದ್ದು ಎಂದು ನಂಬಿದ್ದವನಿಗೆ, ಕಾಕಾ 874ರವರೆಗೆ ಹೋಗದೆ 864ಕ್ಕೆ ನಿಂತಾಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಅಥವಾ ನೂರೈವತ್ತು ಎಂಬ ಮಾತು ಆವತ್ತಿನದೇ ಅಲ್ಲ, ನಾನು ಆಮೇಲೆ ಅಲ್ಲಿಗೆ ಸೇರಿಸಿಕೊಂಡದ್ದು.

ಹದಿನೈದು ದಿನ ಕಾಕಾ ಭಾಗಿಸಿದರು. ಬೆಳಿಗ್ಗೆ ಹತ್ತು ಭಾಗಾಕಾರ, ಅದಕ್ಕಿಂತ ಹೆಚ್ಚಿಲ್ಲ. ಪ್ರತಿಯೊಂದರ ಕೆಳಗೂ ಒಂಬತ್ತು ತೆಗೆದು ತಾಳೆ ನೋಡುವುದು. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸುತ್ತ ಒಂದೇ ಅಂಕಿಗೆ ತರುವುದು. ಭಾಜಕಕ್ಕೂ ಭಾಗಲಬ್ಧಕ್ಕೂ ಶೇಷಕ್ಕೂ ಹಾಗೆಯೇ ಮಾಡಿ, ಮೊದಲೆರಡನ್ನು ಗುಣಿಸಿ ಶೇಷ ಕೂಡಿಸಿ, ಎರಡೂ ಕಡೆ ಒಂದೇ ಬಂದರೆ ಸರಿ. ಅವರ ಶಾಲೆಯ ಮಾಸ್ತರು ಕಲಿಸಿದ್ದು. ಬಾಯ್ಲರಿನ ಲೆಕ್ಕಗಳನ್ನೂ ಅವರು ಜೀವಮಾನವಿಡೀ ಹಾಗೆಯೇ ತಾಳೆ ನೋಡಿದ್ದರು.

ಒಂದು ಶುಕ್ರವಾರ ಸಂಜೆ, ದ್ವಾರಕಾ ನಗರದ ಹೋಟೆಲೊಂದರ ಮುಂದೆ ನಿಂತು ಚಹಾ ಕುಡಿಯುವಾಗ ಫೋನು ಬಂತು.

“ಮುಗೀತಪಾ! ನಿನ್ನ ನಂಬರು ಅವಿಭಾಜ್ಯ ಐತಿ. ಯಾವುದಕ್ಕೂ ಬಗ್ಗಲಿಲ್ಲ. ನೋಡು, ನೋಡು ಫೋನಿನಾಗ.”

ಅವರ ದನಿಯಲ್ಲಿದ್ದ ಹುರುಪು ನನಗೂ ತಗುಲಿತು. ಚಹಾದ ಲೋಟ ಕಟ್ಟೆಯ ಮೇಲಿಟ್ಟು, ಅಪವರ್ತನ ಕೊಡುವ ಒಂದು ಪುಟ ತೆರೆದು, ಕಂಠಪಾಠವಿದ್ದ ಸಂಖ್ಯೆ ಒತ್ತಿದೆ: 764773. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉತ್ತರ ಬಂತು. 23 × 41 × 811.

ನಾನು ಖುಷಿಯಿಂದ ಕೂಗಿದೆ ಎಂಬುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೆ ಕೂಗಿದ್ದು ನಿಜ. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ, ಯಾವುದೂ ಎರಡು ಸಲ ಬಾರದ್ದು. ಅಂಥವಕ್ಕೆ ಗಣಿತದಲ್ಲಿ ಬೇರೆಯೇ ಒಂದು ವರ್ಗವಿದೆ. ಸಂಖ್ಯೆ ಅಷ್ಟು ಚಂದವಾಗಿ ಒಡೆದದ್ದು ಕಂಡು ಫೋನಿನ ಆ ಕಡೆ ಇರುವವರು ಯಾರೆಂಬುದನ್ನೇ ಮರೆತೆ.

“ಇಲ್ಲ ಕಾಕಾ! ಇಪ್ಪತ್ಮೂರರಿಂದ ಹೋಗ್ತೈತಿ! ನಲವತ್ತೊಂದರಿಂದಾನೂ ಹೋಗ್ತೈತಿ!”

ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು, ನನ್ನ ಕಡೆಯದೋ ಅವರ ಕಡೆಯದೋ.

“ಇಪ್ಪತ್ಮೂರು,” ಎಂದರು ಕಾಕಾ. “ಒಂಬತ್ತನೇ ಭಾಗಾಕಾರ. ಮೊದಲನೇ ದಿವಸದ್ದು.” ಆಮೇಲೆ, “ಆತು ಬಿಡು.”

ಮರುದಿನ ಬೆಳಿಗ್ಗೆ ಚಿಗವ್ವನ ಫೋನು. “ಟಾರ್ಚು, ಸುತ್ತಿಗಿ ಎರಡೂ ಅರಿವ್ಯಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟಾರ. ಸೋಮವಾರ ಕೊಂಡಪಲ್ಲಿಗೆ ಫೋನ್ ಮಾಡ್ತಾರಂತ. ನಿನಗ ಬ್ಯಾರೆ ನಂಬರ ಸಿಗಲಿಲ್ಲೇನೋ? ಎರಡರಿಂದ ಹೋಗೂವಂಥಾದ್ದು ಒಂದು ಕೊಟ್ಟಿದ್ರ ನಿನ್ನ ಗಂಟು ಏನ್ ಹೋಗ್ತಿತ್ತು?”

ಭಾನುವಾರ ಬೆಳಗಿನ ರೈಲು ಹತ್ತಿದೆ. ಸಮಾಧಾನ ಹೇಳಲು ಹೊರಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಹೊರಟದ್ದು ತಪ್ಪು ಎಲ್ಲಿದೆ ಎಂದು ಹುಡುಕಲು. ನೂರೈವತ್ತರಲ್ಲಿ ಎರಡು ಭಾಗಾಕಾರ ತಪ್ಪಿ, ಎರಡರ ತಾಳೆಯೂ ಸುಳ್ಳು ಸಾಕ್ಷಿ ಹೇಳಿರಬೇಕು. 811 ಸೇರಿಸಿದರೆ ಮೂರು. ಇಷ್ಟು ಆಗುವುದು ಹೇಗೆ? ಆರು ತಾಸು ನನಗೆ ಕೂರಲಾಗಲಿಲ್ಲ; ಬಾಗಿಲ ಬಳಿ ನಿಲ್ಲುವುದು, ಮತ್ತೆ ಬಂದು ಕೂರುವುದು.

ಕಾಕಾ ನೋಟ್‌ಬುಕ್ಕು ಕೊಡಲು ಒಪ್ಪಲಿಲ್ಲ. “ಸತ್ತ ಮ್ಯಾಲ ನಾಡಿ ಹಿಡೀತೀಯೇನು?” ಅಂದರು. ಚಿಗವ್ವ ಅವರ ಕಪಾಟಿನಿಂದ ತಾವೇ ತೆಗೆದು ತಟ್ಟೆಗಳ ನಡುವೆ ಇಟ್ಟರು. ಒಂಬತ್ತನೇ ಭಾಗಾಕಾರ ತೆಗೆದೆ. ಪೆನ್ಸಿಲಿನ ಅಚ್ಚುಕಟ್ಟಾದ ಮೆಟ್ಟಿಲು. ಭಾಗಲಬ್ಧ 32468, ಶೇಷ 9.

“ತಪ್ಪು ಇಲ್ಲೇ ಐತಿ. ಶೇಷ ಸೊನ್ನಿ ಬರಬೇಕು,” ಎಂದು ನಾನು ನನ್ನ ಹಾಳೆಯಲ್ಲಿ ಭಾಗಿಸಿ ತೋರಿಸಿದೆ. 33251, ಶೇಷ ಸೊನ್ನೆ.

ಕಾಕಾ ನನ್ನ ಹಾಳೆ ನೋಡದೆ ತಮ್ಮದನ್ನೇ ಇನ್ನೊಮ್ಮೆ ಮಾಡಿದರು. ಮತ್ತೆ ಶೇಷ 9. “ತಾಳೆ ನೋಡು: ಇಪ್ಪತ್ಮೂರಕ್ಕ ಐದು. ಭಾಗಲಬ್ಧಕ್ಕೂ ಐದು. ಐದೈದ್ಲೆ ಇಪ್ಪತ್ತೈದು, ಅಂದ್ರ ಏಳು. ಶೇಷ ಒಂಬತ್ತು, ಬಿಟ್ಟಬಿಡು. ಏಳು. ಸಂಖ್ಯಾದ್ದು? ಮೂವತ್ನಾಕು, ಅಂದ್ರ ಏಳು! ಎಲ್ಲೈತೋ ತಪ್ಪು?”

“ನನ್ನ ಲೆಕ್ಕದಾಗೂ ಮೂವತ್ನಾಕು ಕಾಕಾ! ನನಗೂ ಏಳು ಬಂತಲ್ಲ!”

“ಹಂಗಾರ ಇಪ್ಪತ್ಮೂರು ಎರಡ ನಮೂನಿ ಭಾಗಸ್ತೈತೇನು? ಸಂಖ್ಯಾಶಾಸ್ತ್ರದಾಗ ಹಂಗೂ ಕಲಿಸ್ತಾರೇನು?”

ಇಬ್ಬರ ದನಿಯೂ ಏರಿತು. ಮಗಳು ಮಧ್ಯಾಹ್ನದ ಪಾಳಿಗೆ ಆಸ್ಪತ್ರೆಗೆ ಹೊರಟವಳು, ಒಂದು ಕೈಯಲ್ಲಿ ಹೆಲ್ಮೆಟ್ಟು, ನಮ್ಮ ಬೆನ್ನ ಹಿಂದೆ ಬಂದು ನಿಂತಳು. ದಿನವಿಡೀ ಔಷಧದ ಪಟ್ಟಿಯನ್ನು ಚೀಟಿಯೊಂದಿಗೆ ಹೋಲಿಸಿ ನೋಡುವ ಕಣ್ಣು ಅವಳದು.

“ಒಕ್ಕ ನಿಮಿಷಂ,” ಅಂದಳು. “ನಾನ್ನಾ, ನೀವು ಭಾಗಿಸ್ತಿರೋದು ನಾಲ್ಕು-ಆರು. ಅಣ್ಣಂದು ಆರು-ನಾಲ್ಕು. ಬೇರೆ ಬೇರೆ ನಂಬರ್ ಕದಾ!”

ಮೇಜಿನ ಮೇಲೆ ಎರಡು ಹಾಳೆ. ನನ್ನದರಲ್ಲಿ 764773. ಕಾಕಾ ಅವರದರಲ್ಲಿ, ಪ್ರತಿಯೊಂದು ಪುಟದಲ್ಲೂ, 746773.

ನಾನು ಫೋನು ತೆಗೆದೆ. ಆತುರದಲ್ಲಿ ಒಮ್ಮೆ ತಪ್ಪು ಒತ್ತಿದೆ, ಅಳಿಸಿ ಮತ್ತೆ ಒತ್ತಿದೆ. 746773. ಅವಿಭಾಜ್ಯ.

“ಕಾಕಾ, ಐತಿ! ಅವಿಭಾಜ್ಯ ಐತಿ! ನೀವ್ ಹೇಳಿದ್ದು ಖರೆ!”

ಇಷ್ಟಕ್ಕೇ ಕುಣಿಯಬಹುದಿತ್ತು. ಆದರೆ ನನ್ನೊಳಗಿನ ಹುಳ ಸುಮ್ಮನಿರಲಿಲ್ಲ. ಉತ್ತರ ಸರಿಯಾದ ಮಾತ್ರಕ್ಕೆ ನೂರೈವತ್ತು ಭಾಗಾಕಾರವೂ ಸರಿ ಎಂದಾಗುವುದಿಲ್ಲ. ತಪ್ಪು ಶೇಷವೂ ಸೊನ್ನೆಯಲ್ಲದ ಶೇಷವೇ. ಪರೀಕ್ಷೆ ‘ಒಂದೂ ತಪ್ಪಬಾರದು’ ಎಂದಿತ್ತು. ಮಗಳು ಆಸ್ಪತ್ರೆಗೆ ಫೋನ್ ಮಾಡಿ ಒಂದು ಗಂಟೆ ತಡ ಎಂದು ತೆಲುಗಿನಲ್ಲಿ ಏನೋ ನೆಪ ಹೇಳಿದಳು. ಅವಳು ನೋಟ್‌ಬುಕ್ಕಿನಿಂದ ಒಂದೊಂದೇ ಶೇಷ ಓದುವುದು, ನಾನು ಫೋನಿನಲ್ಲಿ ಲೆಕ್ಕ ಮಾಡಿ ‘ಸರಿ’ ಅನ್ನುವುದು. ಮೂವತ್ತೇಳರಿಂದ ಭಾಗಿಸಿದರೆ ಎರಡು. ಸರಿ. ನಲವತ್ತೊಂದರಿಂದ ನಲವತ್ತು. ಸರಿ. ಅಯ್ಯೋ, ಒಂದೇ ಒಂದು ಕಡಿಮೆ ಬಿದ್ದಿತ್ತು, ಇಲ್ಲದಿದ್ದರೆ ಸಿಕ್ಕಿಬೀಳುತ್ತಿತ್ತು! ನೂರು ದಾಟಿದ ಮೇಲೆ ಚಿಗವ್ವ ಒಲೆ ಆರಿಸಿ ಬಂದು ಕೂತರು. 811ರಿಂದ 653. ಸರಿ. ಕೊನೆಗೆ 863ರಿಂದ 278.

“ಸರಿ,” ಅಂದೆ. ನೂರೈವತ್ತಕ್ಕೆ ನೂರೈವತ್ತು.

ಚಿಗವ್ವ ಚಪ್ಪಾಳೆ ತಟ್ಟಿದರು. ಮಗಳು ಹೆಲ್ಮೆಟ್ಟನ್ನು ಅಪ್ಪನ ತಲೆಗೆ ಕಿರೀಟದ ಹಾಗೆ ಇಟ್ಟಳು. ಕಾಕಾ ಅದನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ನಗುವಿರಲಿಲ್ಲ.

“ತಿರುವಿದವರು ಯಾರು?”

ಅವರೇ ನೋಟ್‌ಬುಕ್ಕಿನ ಮೊದಲ ಪುಟ ತೆಗೆದರು.

“ಮೊದಲನೇ ಪುಟಕ್ಕ ನಾನ ಬರಕೊಂಡೀನಿ, ಇವನ ಚೀಟಿ ನೋಡಿ. ಬರಕೊಂಡು ಒಂಬತ್ತು ತೆಗದು ತಾಳೆ ನೋಡೀನಿ. ಆದ್ರ ತಾಳೆ ಎರಡಕ್ಕೂ ಒಂದ ಬರತೈತಲ್ಲ. ಮೀಟರಿನ್ಯಾಗ ಅರವತ್ನಾಕು ಇದ್ದದ್ದನ್ನ ನಲವತ್ತಾರು ಅಂತ ಬರಕೊಂಡು, ಮುಂದಿನ ಲೆಕ್ಕ ಎಷ್ಟ ಚಂದ ಮಾಡಿದ್ರೇನು? ಬಾಯ್ಲರ್ ಹಾರಿಹೋಗ್ತೈತಿ. ಚೀಟಿ ತಗೊಂಬಾ.”

ಚೀಟಿ ಸಿಗಲಿಲ್ಲ. ಕಪಾಟು, ನೋಟ್‌ಬುಕ್ಕಿನ ರಟ್ಟು, ಪೇಪರಿನ ಗಂಟು, ಎಲ್ಲ ಹುಡುಕಿದೆವು. ಚಿಗವ್ವ ಮಂಚದ ಹಾಸಿಗೆಯನ್ನೂ ಎತ್ತಿದರು. ಕಾಕಾ ಕುರ್ಚಿಯಿಂದ ಏಳಲಿಲ್ಲ. ಅವರ ಕಣ್ಣು ಒಮ್ಮೆ ಅಟ್ಟದ ಕಡೆಗೆ ಹೋಗಿ ಬಂದದ್ದನ್ನು ನಾನು ಕಂಡೆ.

ಆಗ ನಾನು ಅಂದೆ: “ಕಾಕಾ, ನಾನ ತಪ್ಪು ಬರದುಕೊಟ್ಟೀನಿ.”

“ಖರೇನ?”

“ಖರೇನ. ಬರೀವಾಗ ನಾಕು ಮೊದಲ ಬಂತು. ನನಗ ಈಗ ನೆನಪಾತು.”

ನೆನಪಾಗಿರಲಿಲ್ಲ. ಏನೂ ನೆನಪಾಗಿರಲಿಲ್ಲ. ಪೆನ್ನು, ಹಾಳೆ, ಡಾಬಿನ ಮಾತು, ಅಷ್ಟೇ. ಕಾಕಾ ನನ್ನನ್ನು ಬಹಳ ಹೊತ್ತು ನೋಡಿದರು. ಬಾಯ್ಲರಿನ ತಗಡಿಗೆ ಸುತ್ತಿಗೆ ಹೊಡೆದು ಕೇಳುವಾಗ ಹೀಗೆಯೇ ನೋಡುತ್ತಿದ್ದರೇನೋ.

“ಗುಣಮಟ್ಟ ವಿಭಾಗ!” ಎಂದು ಗಟ್ಟಿಯಾಗಿ ನಕ್ಕುಬಿಟ್ಟರು. “ಏಳಕ್ಕ ಡಾಬು ಕಟ್ಟೂದ್ರಾಗ ನಾಕು-ಆರು ಅದಲಿಬದಲಿ! ನಿನ್ನ ಗುಳಿಗಿ ನುಂಗೋರು ಬದುಕ್ಯಾರೇನೋ?”

ಅಲ್ಲಿಂದ ಮನೆಯಲ್ಲಿ ಗೌಜಿ ಎದ್ದಿತು. ಕಾಕಾ ಪೆನ್ಸಿಲು ಹಿಡಿದು ದೊಡ್ಡದರಲ್ಲಿ ಚಿಕ್ಕದನ್ನು ಕಳೆದರು. 18000. “ನೋಡ್ರಿ, ಹದಿನೆಂಟು ಸಾವಿರ! ಒಂಬತ್ತರಿಂದ ಹೋಗ್ತೈತಿ!” ಬೇರೆ ಸಂಖ್ಯೆಗಳ ಅಂಕಿಗಳನ್ನು ತಿರುವಿ ತಿರುವಿ ಕಳೆದು ನೋಡಿದರು. ಪ್ರತಿ ಸಲವೂ ಒಂಬತ್ತರಿಂದ ನಿಶ್ಶೇಷ. ಅಂಕಿಗಳ ಮೊತ್ತ ಬದಲಾಗದ ಮೇಲೆ ಹಾಗೆ ಆಗಲೇಬೇಕು. ಜೀವಮಾನವಿಡೀ ನಂಬಿದ ತಾಳೆಗೆ ಈ ಒಂದು ತಪ್ಪು ಎಂದೂ ಕಾಣುವುದೇ ಇಲ್ಲ ಎಂದು ಅರವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಗಿತ್ತು. ಅವರು ಬೇಸರಪಡುವ ಬದಲು ತೊಡೆ ತಟ್ಟಿಕೊಂಡು ಕುಣಿದರು. “ಇಷ್ಟ ವರ್ಷ ಒಬ್ಬ ವಾಚ್‌ಮನ್ ಇಟ್ಟಿದ್ನೆಲೋ! ಮುಂದಿನ ಬಾಗಿಲದಾಗ ಬಂದವರನ್ನೆಲ್ಲ ಹಿಡೀತಾನ. ಹಿತ್ತಲ ಬಾಗಿಲು ಐತಿ ಅಂತ ಅವಗ ಗೊತ್ತ ಇಲ್ಲ!”

ಕಂಟೇನರಿನ ಚೌಕದೊಳಗಿನ ಏಳನೆಯ ಅಂಕಿ ಇರುವುದೇ ಅದಕ್ಕೆ, ಎಂದೆ ನಾನು. ಪ್ರತಿ ಸ್ಥಾನಕ್ಕೂ ಬೇರೆ ತೂಕ ಕೊಟ್ಟು ಲೆಕ್ಕ ಹಾಕುವುದರಿಂದ ಅಕ್ಕಪಕ್ಕದ ಅಂಕಿ ತಿರುವಿದರೆ ಬಹುಪಾಲು ಸಿಕ್ಕಿಬೀಳುತ್ತದೆ.

“ಮತ್ತ ಅದನ್ಯಾಕ ಬರದುಕೊಡಲಿಲ್ಲ ಶಾಣ್ಯಾ?”

“ನೀವು ಆರ ಅಂಕಿ ಕೇಳಿದ್ರಿ.”

ಮಗಳು ನನ್ನ ಫೋನು ಕಸಿದುಕೊಂಡಿದ್ದಳು. ಅಂಕಿಗಳ ವರ್ಗಗಳನ್ನು ಕೂಡಿಸುತ್ತ ಹೋಗಿ ಒಂದಕ್ಕೆ ಬಂದು ನಿಂತರೆ ಅದು ‘ಖುಷಿ ಸಂಖ್ಯೆ’ಯಂತೆ ಎಂದು ಓದಿ, ಅಲ್ಲೇ ಮಾಡಿದಳು: 49, 16, 36, 49, 49, 9. ಕೂಡಿದರೆ 208. ಅದರಿಂದ 68. ಅದರಿಂದ ನೂರು. ನೂರರಿಂದ ಒಂದು! “ನಾನ್ನಾ, ನಿಮ್ಮ ನಂಬರು ಖುಷಿಯಾಗಿದೆ!” ಅಂಕಿಗಳು ಅವೇ ಆದ್ದರಿಂದ ನನ್ನ ನಂಬರೂ ಖುಷಿಯಾಗಿರಲೇಬೇಕು ಎಂದು ನಾನು ಹಕ್ಕು ಮಂಡಿಸಿದೆ. ಅವಿಭಾಜ್ಯಗಳು ಎರಡರ ಅಂತರದಲ್ಲಿ ಜೋಡಿಯಾಗಿ ಬರುವುದುಂಟು. ಇದಕ್ಕೆ ಜೋಡಿ ಇದೆಯೋ ಎಂದು ಕಾಕಾ ಕೇಳಿದರು. ಎರಡು ಹೆಚ್ಚಿಸಿದರೆ 746775, ಐದರಿಂದ ಹೋಗುತ್ತದೆ. ಎರಡು ಕಡಿಮೆ ಮಾಡಿದರೆ ಮೂವತ್ತೇಳರಿಂದ ಹೋಗುತ್ತದೆ.

“ಒಂಟಿ ಅನ್ನು,” ಎಂದರು ಚಿಗವ್ವ, ನನ್ನ ಕಡೆ ನೋಡುತ್ತ. “ಕೊಟ್ಟಾಂವನಂಗ ಐತಿ.”

ಇನ್ನೊಂದು ಸಿಕ್ಕಿತು, ಅದನ್ನು ಓದಿ ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯಗಳನ್ನು ಮೊದಲಿನಿಂದ ಎಣಿಸುತ್ತ ಹೋದರೆ 746773 ಎಷ್ಟನೆಯದು? ಅರವತ್ತು ಸಾವಿರನೆಯದು. ಹತ್ತಿರದ್ದಲ್ಲ, ಸುಮಾರಿನದಲ್ಲ, ಸರಿಯಾಗಿ ಅರವತ್ತು ಸಾವಿರನೆಯದು! ಎರಡು ಅಂಕಿ ತಿರುಗಿ ಬಿದ್ದು ಇಂಥ ಕಡೆ ಹೋಗಿ ಕೂರುವುದೆಂದರೆ? ಇದಕ್ಕೆ ಅರ್ಥ ಹುಡುಕಬಾರದು, ಬರೀ ಕಾಕತಾಳೀಯ, ಎಂದು ನಾನು ನನ್ನ ಓದಿನ ಮಾತು ಆಡಿದೆ. ಆಡುವಾಗಲೂ ಮೈಮೇಲಿನ ಕೂದಲು ನಿಂತಿತ್ತು.

“ಅರವತ್ತಕ್ಕ ಶಾಂತಿ ಮಾಡಿಸ್ರಿ ಅಂದ್ರ ಬಾಯ್ಲರ್ ಐತಿ ಅಂತ ಓಡಿಹೋಗಿದ್ರು,” ಎಂದರು ಚಿಗವ್ವ. “ಈಗ ಸಾವಿರಪಟ್ಟು ಆತು ನೋಡ್ರಿ.”

ಸಂಜೆ ನಾನು ಹೊರಡುವ ಮೊದಲು ಕಾಕಾ ಸ್ಟೂಲು ಹಾಕಿ ನನ್ನನ್ನೇ ಅಟ್ಟಕ್ಕೆ ಹತ್ತಿಸಿದರು. ಟಾರ್ಚು, ಸುತ್ತಿಗೆ ಕೆಳಗಿಳಿದವು.

ವಿಶಾಖಪಟ್ಟಣಕ್ಕೆ ಮರಳುವ ರೈಲಿನಲ್ಲೇ ನನಗೆ ಚಿಂತೆ ಹತ್ತಿತು. ಒಂದು ಸುಳ್ಳಿನ ಬಲದ ಮೇಲೆ ಒಬ್ಬರು ಬಾಯ್ಲರಿನ ಹತ್ತಿರ ಹೋಗುತ್ತಿದ್ದಾರೆ. ಅಂಕಿ ತಿರುವಿದ್ದು ಅವರೇ ಆಗಿದ್ದರೆ? ತಿಂಗಳಿಗೆ ಎರಡು ದಿನ, ಅವರು ಕೊಂಡಪಲ್ಲಿಗೆ ಹೋಗುವ ದಿನ, ನಾನು ಮಧ್ಯಾಹ್ನ ಫೋನ್ ಮಾಡುತ್ತಿದ್ದೆ, ಊಟ ಆಯಿತೆ ಎಂದು ಕೇಳುವ ನೆಪದಲ್ಲಿ. ಒಂದು ಸಲ ತಡೆಯಲಾರದೆ, ಮೀಟರಿನ ಅಂಕಿಗಳನ್ನು ಇಬ್ಬರು ಓದಿ ಬರೆದುಕೊಳ್ಳಬೇಕಲ್ಲವೆ ಎಂದೆ. “ಆ ಭಾನುವಾರದಿಂದಾನ ಹಂಗ ಮಾಡಾಕತ್ತೀನಿ,” ಎಂದರು ಕಾಕಾ. “ನಾ ಓದ್ತೀನಿ, ಅಲ್ಲಿ ಆಪರೇಟರು ತಿರುಗಿ ಓದ್ತಾನ, ಆಮ್ಯಾಲ ಬರಕೋತೀವಿ. ಹಿತ್ತಲ ಬಾಗಿಲಕ್ಕೂ ಕೀಲಿ ಹಾಕೀನಿ.” ಆ ಮಾತು ಕೇಳಿ ಅರ್ಧ ಭಾರ ಇಳಿಯಿತು. ಇನ್ನರ್ಧ ಉಳಿಯಿತು.

ದಿನ ಕಳೆದಂತೆ ಇನ್ನೂ ವಿಚಿತ್ರವಾದದ್ದೊಂದು ನಡೆಯಿತು. ಸುಳ್ಳು ಎಂದು ಹೇಳಿದ ಮಾತಿಗೆ ಚಿತ್ರ ಬಂದು ಸೇರಿಕೊಂಡಿತು: ನನ್ನ ಕೈ, ಕ್ಯಾಲೆಂಡರಿನ ಹಾಳೆ, ಮೊದಲು ಬೀಳುವ ನಾಲ್ಕು. ಅದು ನೆನಪೋ, ನಾನೇ ಕಟ್ಟಿಕೊಂಡದ್ದೋ? ಕಂಟೇನರಿನ ಮೇಲೆ 764 ಇತ್ತು ಎಂಬುದಾದರೂ ನಿಜವೋ? ಆ ಕೆಲಸ ಬಿಟ್ಟ ಮೇಲೆ ಅಲ್ಲಿಯ ಪ್ರತಿಗಳನ್ನು ನೋಡುವ ದಾರಿಯೂ ಇರಲಿಲ್ಲ.

ನನಗೆ ಮದುವೆಯಾಯಿತು. ಕಳೆದ ಸಲ ಇಬ್ಬರೂ ಪಟಮಟಕ್ಕೆ ಹೋದಾಗ, ನನ್ನ ಹೆಂಡತಿ ಚಿಗವ್ವನ ಗೋಂಗೂರ ಉಪ್ಪಿನಕಾಯಿಗೆ ಮರುಳಾಗಿ ಮಾಡುವ ಬಗೆ ಕೇಳಿದಳು. “ನನಗೆಲ್ಲಿ ನೆನಪಿರತೈತಿ, ಪಕ್ಕದ ಮನಿಯಾಕಿ ಹೇಳಿದ್ದು ಬರದಿಟ್ಟೀನಿ,” ಎಂದು ಚಿಗವ್ವ ಮಸಾಲೆ ಡಬ್ಬಿಗಳ ಹಿಂದಿನಿಂದ ಎಣ್ಣೆ ಹತ್ತಿದ ಒಂದು ಹಾಳೆ ತೆಗೆದುಕೊಟ್ಟರು. ಹೆಂಡತಿ ಅದನ್ನು ಹಿಡಿದು ಓದುತ್ತಿದ್ದಳು. ನಾನು ಎದುರಿಗೆ ನಿಂತಿದ್ದೆ; ನನ್ನ ಕಡೆಗೆ ತೆಲುಗಿನಲ್ಲಿ ಅಚ್ಚಾದ ಒಂದು ತಾರೀಖು ಕಾಣಿಸಿತು.

ಹಾಳೆ ಇಸಿದುಕೊಂಡು ಹಿಂದೆ ತಿರುಗಿಸಿದೆ. ಮೆಂತ್ಯ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚಿಗವ್ವನ ಗುಂಡನೆಯ ಕನ್ನಡ ಅಕ್ಷರಗಳು. ಅವುಗಳ ಕೆಳಗೆ, ತಲೆಕೆಳಗಾಗಿ, ನೀಲಿ ಶಾಯಿಯಲ್ಲಿ ಆರು ಅಂಕಿ. ಕಿಟಕಿಯ ಬೆಳಕಿಗೆ ಒಯ್ದು, ಹಾಳೆಯನ್ನು ನೇರ ಮಾಡಿ, ಬೆರಳಿಟ್ಟು ಒಂದೊಂದೇ ಓದಿದೆ. ನನಗೆ ಸಾಲದೆ ಹೆಂಡತಿಯ ಕೈಲೂ ಗಟ್ಟಿಯಾಗಿ ಓದಿಸಿದೆ. ಕಂಟೇನರಿನ ಬಾಗಿಲ ಮೇಲೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಳೆಯ ಮೇಲಿನ ಮೂರು ಏಳುಗಳಿಗೂ ಡಾಬು ಇದೆ, ಮೊದಲ ಏಳರ ಪಕ್ಕದಲ್ಲಿರುವುದು ನಾಲ್ಕು, ಅದರ ಪಕ್ಕದಲ್ಲಿ ಆರು, ಕಾಕಾ ಬರೆದುಕೊಂಡ ಹಾಗೆಯೇ.